ಮಧ್ಯಪದ

ಫೆಬ್ರವರಿ ೧೧

ಮೇಷ್ಟ್ರೇ,

…ಇದರಿಂದ ಅದು ಸಿದ್ಧವಾಗುವುದಿಲ್ಲ ಅಂದಿರೋ, ಇದರಿಂದ ಏನೂ ಸಿದ್ಧವಾಗುವುದಿಲ್ಲ ಅಂದಿರೋ, ರೈಲು ಹೊರಟಾಗಿನಿಂದ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಪ್ಲಾಟ್‌ಫಾರ್ಮಿನಲ್ಲಿ ಗದ್ದಲ. ನನ್ನ ಚೀಲ ನಿಮ್ಮ ಕೈಯಲ್ಲೇ ಇತ್ತು, ಒಳಗೆ ಕೊಡುವುದನ್ನು ಮರೆತು ಕಿಟಕಿಯ ಕೆಳಗೆ ನಿಂತಿದ್ದಿರಿ. ನಾನು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. "ಅಮ್ಮನಿಗೆ ನಾನೂ ಬೇಕಾಗಿದ್ದೆ, ನೀವೂ ಬೇಕಾಗಿದ್ರಿ. ಅಂದಮೇಲೆ ನಾವಿಬ್ರೂ ಒಂದೇ ಮನೆಯವರು. ಬನ್ನಿ, ನನ್ ಜೊತೆ ಬಂದು ಇದ್ದುಬಿಡಿ." ನೀವು ಗಲ್ಲ ಮೇಲೆತ್ತಿ, ತರಗತಿಯಲ್ಲಿ ಬೋರ್ಡಿನ ಸಾಲು ಓದುವವರ ಹಾಗೆ ರೈಲಿನ ನೆತ್ತಿಯನ್ನು ನೋಡಿ ಆ ಮಾತು ಹೇಳಿದಿರಿ. ಆಮೇಲೆ ರೈಲು ಅಲುಗಿತು. ಚೀಲ ಮುಂದಿನ ಕಿಟಕಿಯಿಂದ ಯಾರದೋ ಕೈ ದಾಟಿಕೊಂಡು ಬಂತು.

ಇರಲಿ. ತಲುಪಿದ್ದೇನೆ ಎಂದು ತಿಳಿಸಲು ಬರೆಯುತ್ತಿದ್ದೇನೆ. ಅಮ್ಮ ತೀರಿಹೋದ ಮೇಲೆ ಈ ಊರು ಬದಲಾಗಿರಬಹುದು ಅಂದುಕೊಂಡಿದ್ದೆ, ಆಗಿಲ್ಲ. ಬಂದರಿನ ಕಡೆಯಿಂದ ಮಂಜು ಮೊದಲಿನ ಹಾಗೇ ರಸ್ತೆ ಹತ್ತಿ ಬರುತ್ತದೆ. ಬೆಳಗ್ಗೆ ಕನ್ನಡಕದ ಅಂಗಡಿಯ ಷಟರ್ ಎತ್ತುವಾಗ ಎದುರಿನ ಕಟ್ಟಡದ ಮೆಟ್ಟಿಲುಗಳು ಅರ್ಧ ಮಾತ್ರ ಇರುತ್ತವೆ. ಹತ್ತಿ ಹೋದವರು ಎಲ್ಲಿಗೆ ಹೋದರೋ ಅನ್ನಿಸುತ್ತದೆ. ನಾನು ಹಿಂಭಾಗದಲ್ಲಿ ಸಾಣೆಯ ಮುಂದೆ ಕೂತು ಗುಂಡಗಿನ ಗಾಜುಗಳನ್ನು ಫ್ರೇಮಿನ ಆಕಾರಕ್ಕೆ ತೇಯುತ್ತೇನೆ. ಗಾಜು ಬಿಸಿಯಾಗದ ಹಾಗೆ ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ದಿನವಿಡೀ ಆ ಸದ್ದು ಕೇಳಿ ಕೇಳಿ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇರುತ್ತೇನೆ. ಯಜಮಾನರು ಎದುರಿಗೇ ನಿಂತು "ಎಲ್ಲಿದೀಯಮ್ಮಾ?" ಅನ್ನುತ್ತಾರೆ.

ನನ್ನ ಮನೆಯ ಪಕ್ಕದ ಕೋಣೆ ಖಾಲಿ ಇತ್ತಲ್ಲ, ಅದರಲ್ಲಿ ಸದ್ಯಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದೇನೆ. ಖಾಲಿ ಕೋಣೆ ನೋಡಿದರೆ ಕೋಣೆಗೂ ಬೇಜಾರು, ನನಗೂ ಬೇಜಾರು.

ಊಟ ಬಿಡಬೇಡಿ.

ಇತಿ,
ತಕರಾರು


ಮಾರ್ಚ್ ೮

ಪ್ರೀತಿಯ ತಕರಾರಮ್ಮನಿಗೆ,

ಏನೆಂದೆನೋ ನನಗೂ ಖಚಿತವಿಲ್ಲ. ಆದರೆ ನೀನು ವಾದವನ್ನು ಬರೆದೇ ಕಳಿಸಿರುವುದರಿಂದ, ಅದನ್ನು ನೋಡಿ ಹೇಳುವುದಾದರೆ, ಮೊದಲನೆಯದನ್ನೇ ಅಂದಿರಬೇಕು. ಇಬ್ಬರು ಒಬ್ಬಳಿಗೆ ಬೇಕಾಗಿದ್ದರು ಎಂಬುದರಿಂದ ಆ ಇಬ್ಬರೂ ಪರಸ್ಪರ ಏನೋ ಆಗುತ್ತಾರೆ ಎಂದು ಹೇಳಲಾಗದು. ಛತ್ರಿ ಒದ್ದೆಯಾಗಿದೆ, ಬೆಕ್ಕೂ ಒದ್ದೆಯಾಗಿದೆ. ಆದ್ದರಿಂದ ಬೆಕ್ಕನ್ನು ಬಿಡಿಸಿ ತಲೆಯ ಮೇಲೆ ಹಿಡಿದುಕೊಂಡು ಹೋಗಬಹುದು ಎಂದ ಹಾಗಾಯಿತು. ಎರಡನ್ನು ಸೇರಿಸಲು ನಡುವೆ ಬರುವ ಪದವನ್ನು ಮಧ್ಯಪದ ಎನ್ನುತ್ತೇವೆ, ನಿನಗೆ ಗೊತ್ತಿರುವುದೇ. ಅದನ್ನು ಒಂದು ಸಲವಾದರೂ ಇಡಿಯಾಗಿ ಹಿಡಿದಿರಬೇಕು. ಒಂದು ವಾಕ್ಯ ಅದರ ಈ ಮೂಲೆಯನ್ನೂ ಇನ್ನೊಂದು ವಾಕ್ಯ ಆ ಮೂಲೆಯನ್ನೂ ಹಿಡಿದುಕೊಂಡರೆ ಎರಡಕ್ಕೂ ಗಂಟು ಬೀಳುವುದಿಲ್ಲ. ಒದ್ದೆಯಾದ ವಸ್ತುಗಳೆಲ್ಲ ಇಂಥವು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ಬೆಕ್ಕು ಬಚಾವಾಯಿತು.

ಇಲ್ಲಿಯ ಸಮಾಚಾರ. ಸಂಜೆ ಕಾಲೇಜಿನಲ್ಲಿ ನನ್ನ ತರಗತಿ ಜೂನ್ ಕೊನೆಗೆ ನಿಲ್ಲುತ್ತದೆ. ಪ್ರಾಂಶುಪಾಲರು ಕರೆಸಿ ಕೂರಿಸಿ, ನೀರು ಕೊಟ್ಟು, ಮೆತ್ತಗೆ ಹೇಳಿದರು.

"ತರ್ಕಕ್ಕೆ ಈಗ ಜನ ಬರ್ತಿಲ್ಲ ಮೇಷ್ಟ್ರೇ."

"ಬರ್ತಿದಾರಲ್ಲ ಸಾರ್."

"ಕೆಲವರು ಬರ್ತಾರೆ. ಅಂದ್ರೆ ಏನಾಯ್ತು, ಕೆಲವರು ಬರಲ್ಲ ಅಂತ ತಾನೇ?"

"ಕೆಲವರು ಬರ್ತಾರೆ ಅನ್ನೋದ್ರಿಂದ ಕೆಲವರು ಬರಲ್ಲ ಅಂತ ಸಿದ್ಧವಾಗಲ್ಲ ಸಾರ್. ಎಲ್ಲರೂ ಬರ್ತಿರಬಹುದು."

"ನೋಡಿ, ಇದಕ್ಕೇ ಅವರು ಬರದೇ ಇರೋದು."

ಇಬ್ಬರೂ ನಕ್ಕೆವು. ನಗುವಾಗಲೇ ಅವರು ಎದ್ದು ನಿಂತದ್ದರಿಂದ ನಾನೂ ಎದ್ದೆ.

ಮನೆಯೊಡತಿಗೂ ಈ ಮನೆ ಅಷ್ಟರೊಳಗೆ ಬೇಕಂತೆ, ಅವಳ ಮಗನಿಗೆ. ನಮ್ಮಕ್ಕ ಬೆಟ್ಟದೂರಿನಿಂದ ಬರೆದಿದ್ದಾಳೆ: ಬಂದುಬಿಡು, ಒಂದು ಮಂಚ ಇದೆ ಎಂದು. ಅವಳ ಮನೆಯಲ್ಲಿ ಮಾತು ಕಡಿಮೆ, ಕಂಬಳಿ ಹೆಚ್ಚು. ಇವೆಲ್ಲ ಸಂಗತಿಗಳು, ಅಷ್ಟೇ. ಇವುಗಳಿಂದ ನಾನು ಏನನ್ನೂ ತೀರ್ಮಾನಿಸುತ್ತಿಲ್ಲ.

ಹಜಾರದ ಬಾಗಿಲ ಬಳಿ ನಿಮ್ಮಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದದ್ದು ಇನ್ನೂ ಇದೆ: ಒಳಗೆ ಬರುವವರೆಲ್ಲ ಕಾಲೊರೆಸಿಕೊಂಡು ಬರತಕ್ಕದ್ದು. ಈಗ ಯಾರೂ ಬರುವುದಿಲ್ಲ. ಆದರೂ ಬರುವವರೆಲ್ಲ ಕಾಲೊರೆಸಿಕೊಂಡೇ ಬರುತ್ತಾರೆ ಎಂಬ ಮಾತು ಸುಳ್ಳಾಗುವುದಿಲ್ಲ. 'ಎಲ್ಲ' ಎಂದ ಮಾತ್ರಕ್ಕೆ ಒಬ್ಬರಾದರೂ ಇರಲೇಬೇಕೆಂದಿಲ್ಲ. ವರ್ಷಗಟ್ಟಲೆ ಇದನ್ನು ಪಾಠ ಮಾಡಿದ್ದೆ. ಖಾಲಿ ಹಜಾರದಲ್ಲಿ ನಿಂತುಕೊಂಡು ನೋಡಿರಲಿಲ್ಲ.

ಕೆಮ್ಮು ಪರವಾಗಿಲ್ಲ.

ನಿನ್ನ,
ಮೇಷ್ಟ್ರು


ಏಪ್ರಿಲ್ ೨೧

ಮೇಷ್ಟ್ರೇ,

ನಿಮ್ಮ ಬೆಕ್ಕನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಪಾಪ, ಒರೆಸಿದ್ರಾ ಅದನ್ನ?" ಅಂದರು.

ಉತ್ತರ ತಡವಾಯಿತು. ನಿಮ್ಮ ಪತ್ರ ಬಂದ ದಿನ ಒಂದು ಉತ್ತರ ಬರೆದೆ, ಅದನ್ನು ಹಾಕಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟೇ: ನಾನು ಕರೆದೆ, ನೀವು ತಿದ್ದಿದಿರಿ. ಆ ಕರೆ ಎಷ್ಟು ಅಂಕದ್ದು ಎಂದಾದರೂ ಹೇಳಬಹುದಿತ್ತು.

ಆಮೇಲೆ ಒಂದು ಕನಸು ಬಿತ್ತು. ನೀವು ಬೋರ್ಡಿನ ಮೇಲೆ ಒಂದರ ಮೇಲೊಂದು ಹಾಯುವ ಹಾಗೆ ಎರಡು ವೃತ್ತ ಹಾಕುತ್ತೀರಲ್ಲ, ನಡುವೆ ಇಬ್ಬರಿಗೂ ಸೇರಿದ ಜಾಗ ಉಳಿಯುತ್ತದಲ್ಲ, ಅದು ಪಕ್ಕದಿಂದ ನೋಡಿದ ಲೆನ್ಸಿನದೇ ಆಕಾರ. ಇಷ್ಟು ವರ್ಷ ಲೆನ್ಸು ಕೈಯಲ್ಲಿ ಹಿಡಿದರೂ ನನಗೆ ಹೊಳೆದಿರಲಿಲ್ಲ. ಕನಸಿನಲ್ಲಿ ಅದನ್ನೇ ತೇಯುತ್ತಿದ್ದೆ. ಅದರೊಳಗೆ ಅಮ್ಮ ಕಾಲು ಚಾಚಿ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ತೇಯುತ್ತಾ ಹೋದ ಹಾಗೆ ಜಾಗ ಕಿರಿದಾಗುತ್ತಿತ್ತು. ಕೈ ನಿಲ್ಲಿಸಬೇಕೆಂದರೆ ಬರುತ್ತಿಲ್ಲ. ಅವಳು ತಲೆ ಎತ್ತದೆ, "ಇನ್ನೊಂಚೂರು ತೇಯಿ, ಅಂಚು ಚುಚ್ತಿದೆ" ಅಂದಳು. ನೀರು ತೊಟ್ಟಿಕ್ಕುತ್ತಿತ್ತು. ಎಚ್ಚರವಾದಾಗ ಅಡುಗೆಮನೆಯ ನಲ್ಲಿ ಸರಿಯಾಗಿ ನಿಲ್ಲಿಸಿರಲಿಲ್ಲ.

ನೀವು ನಮ್ಮ ಮನೆಗೆ ಬಂದ ಹೊಸತು ನಿಮಗೆ ನೆನಪಿದೆಯೋ ಇಲ್ಲವೋ. ನಾನು ಮೂರನೇ ತರಗತಿ. ಹಲ್ಲು ಉಜ್ಜು ಅಂದಿರಿ. ನಾನು ಬಚ್ಚಲ ಬಾಗಿಲಿಗೆ ಅಡ್ಡ ನಿಂತು, "ನೀವು ನಮ್ಮಪ್ಪ ಅಲ್ಲ. ನಾನು ನಿಮ್ ಕ್ಲಾಸಿನವಳೂ ಅಲ್ಲ. ಅದಕ್ಕೇ ನೀವು ನಂಗೆ ಏನೂ ಅಲ್ಲ" ಅಂದೆ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು, ಇಲ್ಲ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ನೀವು ಸ್ಟೂಲು ಎಳೆದುಕೊಂಡು ಕೂತಿರಿ. "ನೋಡು, ಎರಡು 'ಅಲ್ಲ' ಇಟ್ಕೊಂಡು ಹೊರಟರೆ ಯಾವ ತೀರ್ಮಾನಕ್ಕೂ ಹೋಗೋಕಾಗಲ್ಲ. 'ಏನೂ ಅಲ್ಲ' ಅನ್ನೋ ತೀರ್ಮಾನಕ್ಕೂ ಹೋಗೋಕಾಗಲ್ಲ. ಒಂದಾದ್ರೂ 'ಹೌದು' ಬೇಕು, ಇದ್ರೆ ಕೊಡು." ನಾನು ಯೋಚಿಸಿ, "ನಂಗೆ ನಿದ್ದೆ ಬರ್ತಿರೋದು ಹೌದು" ಅಂದೆ. ಒಳಗಿನಿಂದ ಅಮ್ಮ, "ಇಬ್ರೂ ಸೇರ್ಕೊಂಡು ಬಾಗಿಲು ಬಿಟ್ಟರೆ ನಾನೂ ಮುಖ ತೊಳಿಬಹುದು" ಅಂದಳು. ಅವತ್ತಿನಿಂದಲೇ ನಾನು ತಕರಾರು.

ಆಗ ಆ ನಿಯಮ ನನ್ನ ಪರವಾಗಿದೆ ಅನ್ನಿಸಿತ್ತು. ಈಗಿನದು ಯಾರ ಪರವಾಗಿದೆಯೋ.

ಒಂದು ಮಾತು ಮಾತ್ರ ಸರಿಯಾಗಿ ಹೇಳಿದ್ದೀರಿ. ಅಮ್ಮನದು ಒಂದೇ ಮೂಲೆ ನನ್ನ ಹತ್ತಿರ ಇರುವುದು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಕತ್ತರಿಸುತ್ತಾ, ಪಿನ್ನುಗಳ ಸಂದಿಯಿಂದಲೇ ಮಾತಾಡುತ್ತಿದ್ದಳು. ಅದು ನನಗೊಬ್ಬಳಿಗೇ ಅರ್ಥವಾಗುತ್ತಿತ್ತು. ನೀವು ಬಂದ ಮೇಲೆ ಪಿನ್ನುಗಳನ್ನು ಮುಂಗೈಗೆ ಕಟ್ಟಿದ ಪುಟ್ಟ ದಿಂಬಿಗೆ ಚುಚ್ಚತೊಡಗಿದಳು. ಆಮೇಲಿನ ಅವಳು ನನಗೆ ಅಷ್ಟು ಗೊತ್ತಿಲ್ಲ. ಆ ಮೂಲೆ ನಿಮ್ಮ ಹತ್ತಿರ ಇದೆ. ಬರೆಯುವುದಾದರೆ ಅದನ್ನು ಬರೆಯಿರಿ.

ನಿಮ್ಮ ಅಕ್ಕನವರ ಊರಿನ ಗಾಳಿ ಒಳ್ಳೆಯದಂತೆ. ಇಲ್ಲಿ ಬರೀ ಮಂಜು, ನಿಮ್ಮ ಎದೆಗೆ ಆಗುವುದಿಲ್ಲ. ಅಲ್ಲಿಗೇ ಹೋಗಿ. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಗಳೂ ಜಾಸ್ತಿಯಾಗಿವೆ.

ಇತಿ,
ತಕರಾರು


ಮೇ ೩೦

ತಕರಾರಮ್ಮನಿಗೆ,

ನೀನು ಕೇಳಿದ ಮೂಲೆಯನ್ನು ಹುಡುಕುತ್ತಾ ಇಷ್ಟು ದಿನ ಹೋಯಿತು.

ನಿಮ್ಮಮ್ಮ ನನ್ನ ತರಗತಿಗೆ ಬಂದದ್ದು ಪಕ್ಕದ ಕೋಣೆಯ ಟೈಪಿಂಗ್ ತರಗತಿಯಲ್ಲಿ ಜಾಗವಿಲ್ಲದೆ. ಕೋಟು ಹೊಲಿಯುವ ಕಾರ್ಖಾನೆಯಿಂದ ನೇರವಾಗಿ ಬರುತ್ತಿದ್ದಳು, ತೋಳಿನ ಮೇಲೆ ದಾರದ ಎಳೆಗಳು ಅಂಟಿಕೊಂಡೇ ಇರುತ್ತಿದ್ದವು. ಮೊದಲ ವಾರ ಬಾಯಿ ಬಿಡಲಿಲ್ಲ. ಎರಡನೇ ವಾರ ಕೈ ಎತ್ತಿ, "ಇದನ್ನ ಕಲಿತ್ರೆ ಜಗಳದಲ್ಲಿ ಗೆಲ್ಲಬಹುದಾ ಸಾರ್?" ಎಂದಳು. "ಗೆಲ್ಲೋಕಾಗಲ್ಲ. ಯಾಕೆ ಸೋತೆ ಅಂತ ಗೊತ್ತಾಗುತ್ತೆ" ಎಂದೆ. "ಅದು ಬಾಯಿ ತೆಗೆಯೋಕೆ ಮುಂಚೆ ಗೊತ್ತಾದ್ರೆ ಚೆನ್ನಾಗಿತ್ತು" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ಬರೆಯಬೇಕಾದದ್ದು ಏನೂ ಇರಲಿಲ್ಲ, ಆದರೂ ಒಂದು ವೃತ್ತ ಹಾಕಿದೆ.

ಆಮೇಲಿನದನ್ನು ಬರೆಯಲು ಕೂತರೆ ಒಂದು ವಿಚಿತ್ರ. ಸೇತುವೆಯ ಮೇಲೆ ನಡೆದು ಮನೆಗೆ ಬರುತ್ತಿದ್ದ ಸಂಜೆಗಳಲ್ಲಿ ಅವಳು ಏನು ಮಾತಾಡಿದಳು ಎಂದು ನೆನಪಿಸಿಕೊಂಡರೆ, ಆಡಿದ್ದೆಲ್ಲ ನಿನ್ನದೇ ಮಾತು. ನೀನು ಶಾಲೆಯಲ್ಲಿ ಯಾರ ಜೊತೆ ಕೂತೆ, ಯಾರ ಜೊತೆ ಠೂ ಬಿಟ್ಟೆ, ಯಾವ ಲಂಗ ಬೇಡ ಎಂದು ನೆಲಕ್ಕೆ ಬಿದ್ದು ಹೊರಳಾಡಿದೆ. ನೀನು ಕೆಲಸಕ್ಕೆಂದು ಆ ಊರಿಗೆ ಹೋದ ಮೇಲೂ ಅದೇ. ಕೆಳಗೆ ನದಿಯಲ್ಲಿ ದೀಪಗಳು ಉದ್ದವಾಗಿ ಮಲಗಿರುತ್ತಿದ್ದವು. ಅವಳು ಕಂಬಿಗೆ ಮೊಣಕೈ ಊರಿ, "ಅವಳು ನಿಮ್ಮನ್ನ ಕಂಡ್ರೆ ಸಿಡುಕ್ತಾಳೆ, ನೀವಿಲ್ಲದಾಗ ನಿಮ್ ಹಾಗೇ ಮಾತಾಡ್ತಾಳೆ" ಎಂದದ್ದುಂಟು. ನನ್ನ ಮೂಲೆ ಎಂದು ನಾನು ಬಿಚ್ಚಿ ನೋಡಿದ್ದರ ತುಂಬ ನೀನೇ ಇದ್ದೀಯ. ಇದರಿಂದ ಏನು ಸಿದ್ಧವಾಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಈಗ ಇನ್ನೊಂದು ಸಂಗತಿ. ಹೋದ ವಾರ ತರಗತಿಯಲ್ಲಿ ಮೂರೇ ಜನ. ಅವರಲ್ಲೊಬ್ಬಳು ಆಸ್ಪತ್ರೆಯ ದಾದಿ, ಪಾಳಿ ಮುಗಿಸಿ ಬಂದು ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವವಳು. ಅವಳು ನಿದ್ದೆಯಿಂದಲೇ ಎಂಬಂತೆ ಕೇಳಿದಳು:

"ವಾದ ತಪ್ಪು ಅಂತೀರಲ್ಲ ಸಾರ್, ಆಗ ಕೊನೇಲಿ ಬಂದ ಮಾತು ಸುಳ್ಳಾ?"

"ಅಲ್ಲಮ್ಮ. ತಪ್ಪು ವಾದದ ಕೊನೇಲೂ ನಿಜವಾದ ಮಾತು ಇರಬಹುದು. ಆ ವಾದ ಅದಕ್ಕೆ ಆಧಾರ ಕೊಡಲಿಲ್ಲ, ಅಷ್ಟೇ."

"ಮತ್ತೆ ನಿಜವೋ ಸುಳ್ಳೋ ಅಂತ ಹೇಳೋರು ಯಾರು?"

"ಅದು ಈ ನಿಯಮಗಳ ಕೆಲಸ ಅಲ್ಲ."

"ಅಂದ್ರೆ ವಾದ ತಪ್ಪು ಅಂತ ಅಷ್ಟೇ ಹೇಳಿ ಸುಮ್ಮನಾದ್ರೆ, ಕೇಳಿದವರು ಏನಂದ್ಕೋಬೇಕು ಸಾರ್?"

ಬೋರ್ಡು ಒರೆಸುತ್ತಿದ್ದೆ. ಧೂಳು ಮೆಲ್ಲಗೆ ಇಳಿಯುವುದನ್ನು ನಾವು ನಾಲ್ವರೂ ನೋಡಿದೆವು. ಆಗ ನನಗೆ ಪ್ಲಾಟ್‌ಫಾರ್ಮು ಕಾಣಿಸಿತು, ನಿನ್ನ ಚೀಲ, ಕಿಟಕಿಯಿಂದ ಹೊರಗೆ ಚಾಚಿದ ನಿನ್ನ ಮುಖ. ನಿನ್ನ ವಾದ ಹಿಡಿದ ದಾರಿ ಆ ಊರಿಗೆ ಹೋಗುವುದಿಲ್ಲ ಎಂದು ನಾನಂದದ್ದು. ಆ ಊರೇ ಇಲ್ಲ ಎಂದಲ್ಲ. ನೀನು ಯಾವುದನ್ನು ಕೇಳಿಸಿಕೊಂಡು ಹೋದೆ ಎಂಬುದು ಇಷ್ಟು ತಿಂಗಳ ಮೇಲೆ, ಒಬ್ಬ ದಾದಿಯ ಬಾಯಿಂದ, ನನಗೆ ತಿಳಿಯಿತು.

ಇದಕ್ಕಿಂತ ಮುಂದೆ ಬರೆಯಲಾರೆ. ಕೊಟ್ಟದ್ದರಲ್ಲಿ ಇಲ್ಲದ್ದನ್ನು ತೀರ್ಮಾನದಲ್ಲಿ ಹೇಳಿಕೊಳ್ಳಬಾರದು ಎಂಬ ನಿಯಮವೂ ಇದೆ. ನಿನ್ನ ಕೊನೆಯ ಪತ್ರದಲ್ಲಿ ಕೊಟ್ಟಿರುವುದು ಬೆಟ್ಟದೂರಿನ ಗಾಳಿ ಮತ್ತು ಪೆಟ್ಟಿಗೆಗಳು. ಅಕ್ಕ ಜೂನ್ ಕೊನೆಯ ರೈಲಿಗೆ ಟಿಕೆಟ್ಟು ಕಳಿಸಿದ್ದಾಳೆ.

ನಿನ್ನ,
ಮೇಷ್ಟ್ರು


ಜೂನ್ ೧೬

ಮೇಷ್ಟ್ರೇ,

ಬನ್ನಿ.

ಇದರ ಹಿಂದೆ ಬೇರೆ ಯಾವ ವಾಕ್ಯವೂ ಇಲ್ಲ. ಇದ್ದವು, ಹರಿದು ಹಾಕಿದೆ. ಒಂದೊಂದು ಕಾರಣ ಬರೆದಾಗಲೂ ನೀವು ಅದನ್ನು ಬೆಳಕಿಗೆ ಹಿಡಿದು ನೋಡುವುದು ಕಾಣಿಸುತ್ತಿತ್ತು. ನಾನೂ ಗಾಜನ್ನು ಹಾಗೇ ನೋಡುವವಳು, ಗೆರೆ ಇದ್ದರೆ ಬಿಡುವವಳಲ್ಲ. ಆದರೆ ಅದು ಅಂಗಡಿಗೆ.

ಬರದಿದ್ದರೂ ಬೇಜಾರಿಲ್ಲ ಎಂದು ಒಂದು ಸಾಲು ಬರೆಯೋಣ ಅಂದುಕೊಂಡೆ, ಮರ್ಯಾದೆಗೆ. ಅದು ಸುಳ್ಳು. ಬರೆಯಲಿಲ್ಲ.

ಪೆಟ್ಟಿಗೆಗಳನ್ನು ಯಜಮಾನರು ಗೋದಾಮಿಗೆ ತರಿಸಿಕೊಂಡರು. ಕೋಣೆಯ ಕಿಟಕಿ ಪೂರ್ತಿ ತೆರೆಯುವುದಿಲ್ಲ, ಒಂದು ಗೇಣು ತೆರೆಯುತ್ತದೆ. ಮಂಚ ನಿಮ್ಮ ಉದ್ದಕ್ಕೆ ಸಾಲುತ್ತದೆಯೋ ಇಲ್ಲವೋ, ಅಂಗಡಿಯ ಅಳತೆಪಟ್ಟಿಯಲ್ಲಿ ಅಳೆದೆ, ಸ್ವಲ್ಪ ಮಡಚಿಕೊಂಡು ಮಲಗಬೇಕು. ಬೀದಿಯ ಆಚೆ ಒಂದು ವಾಚನಾಲಯವಿದೆ. ಅಲ್ಲಿ ಇಬ್ಬರು ನಿವೃತ್ತರು ದಿನವೂ ತಪ್ಪು ತಪ್ಪಾಗಿ ವಾದ ಮಾಡುತ್ತಾರೆ, ನಿಮಗೆ ಹೊತ್ತು ಹೋಗುತ್ತದೆ.

ಅಕ್ಕನವರಿಗೆ ನೀವೇ ಏನಾದರೂ ಹೇಳಿ. ಕಂಬಳಿಗಳಿಗೂ ನಾನು ಕ್ಷಮೆ ಕೇಳಿದೆನೆಂದು ತಿಳಿಸಿ.

ಇತಿ,
ತಕರಾರು


ಜುಲೈ ೨೮

ಇವಳೇ,

ನೀನಿಲ್ಲದ ಮೇಲೆ ನಿನಗೆ ಬರೆದು ಯಾವ ಅಂಚೆಪೆಟ್ಟಿಗೆಗೆ ಹಾಕುವುದೋ ಗೊತ್ತಿಲ್ಲ. ಆದರೂ ಈ ಮಧ್ಯಾಹ್ನ ಎಷ್ಟು ನಿಶ್ಶಬ್ದವಾಗಿದೆಯೆಂದರೆ ಯಾರಿಗಾದರೂ ಏನಾದರೂ ಹೇಳದೆ ಇರಲಾಗುತ್ತಿಲ್ಲ. ಇಲ್ಲಿರುವ ಇನ್ನೊಬ್ಬಳು, ನಿನ್ನ ಮಗಳು, ನಿದ್ದೆ ಹೋಗಿದ್ದಾಳೆ.

ಬಂದು ತಿಂಗಳಾಗುತ್ತ ಬಂತು. ಅವತ್ತು ಸ್ಟೇಷನ್ನಿನಲ್ಲಿ ಮಂಜು ಹೇಗಿತ್ತೆಂದರೆ, ಅವಳು ಬಂದಿದ್ದಾಳೋ ಇಲ್ಲವೋ ತಿಳಿಯದೆ ನಾನು ಒಂದು ಕಂಬದ ಪಕ್ಕ ನಿಂತಿದ್ದೆ. ಅದೇ ಕಂಬದ ಆಚೆ ಬದಿಯಲ್ಲಿ ಅವಳು ನಿಂತಿದ್ದಳು. ಇಬ್ಬರೂ ಹಾಗೇ ಕಾಯುತ್ತಿದ್ದೆವು. ನಾನು ಕೆಮ್ಮಿದೆ. "ಬಂದ್ರಾ?" ಎಂದು ಕಂಬ ಕೇಳಿತು.

ಮೆಟ್ಟಿಲ ಬಳಿ ಕೆಳಮನೆಯ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಂದೆಯವರಾ?" ಎಂದಳು. ಇವಳು, "ಅಲ್ಲ" ಎಂದಳು. "ಮತ್ತೆ ನಿಂಗೆ ಏನಾಗ್ಬೇಕು ಇವರು?" ಇವಳು ಬೀಗದ ಕೈ ಹುಡುಕುತ್ತಾ, "ಇನ್ಮೇಲೆ ಇಲ್ಲೇ ಇರ್ತಾರೆ, ನೀವೇ ನೋಡಿ ಹೇಳಿ ಆಂಟಿ" ಎಂದಳು. ಆ ಹೆಂಗಸು ಇನ್ನೂ ಹೇಳಿಲ್ಲ. ದಿನಾ ನೋಡುತ್ತಾಳೆ.

ಜಗಳ ಆಡುತ್ತೇವೆ. ಕಿಟಕಿಯ ವಿಷಯಕ್ಕೆ, ಹಾಲು ಉಕ್ಕಿದ್ದಕ್ಕೆ. ಬರುವಾಗ ಹಜಾರದ ಬಾಗಿಲಿನ ನಿನ್ನ ಅಕ್ಷರಗಳನ್ನು ಒರೆಸಿ ಬಂದೆನೋ ಹಾಗೇ ಬಿಟ್ಟು ಬಂದೆನೋ ಎಂದು ಅವಳು ಕೇಳಿದಳು. ಬಿಟ್ಟು ಬಂದೆ ಎಂದೆ. ಅವಳು ಎದ್ದು ಊಟಕ್ಕೆ ತಟ್ಟೆ ಹಾಕಿದಳು, ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

ಮಧ್ಯಪದದ ಬಗ್ಗೆ ನಾನು ಪಾಠ ಮಾಡುವಾಗ ಒಂದು ಮಾತು ಹೇಳುತ್ತಿದ್ದೆ, ನೀನು ಬರೆದುಕೊಂಡಿರಲಿಕ್ಕೂ ಸಾಕು. ಅದು ಮೇಲಿನ ಎರಡು ಸಾಲುಗಳಲ್ಲೂ ಇರುತ್ತದೆ, ಎರಡನ್ನೂ ಹತ್ತಿರ ತರುತ್ತದೆ, ಮೂರನೆಯ ಸಾಲಿನಲ್ಲಿ ಇರುವುದಿಲ್ಲ. ಇರಬಾರದು. ಅದನ್ನು ಸೊಗಸು ಎಂದು ವರ್ಣಿಸುತ್ತಿದ್ದೆ. ಈಗ ಬೆಳಗ್ಗೆ ಎರಡು ಲೋಟ ತೊಳೆದಿಡುವಾಗ ಸೊಗಸು ಎಂಬ ಆ ಪದ ಬಾಯಿಗೆ ಬರುವುದಿಲ್ಲ, ಅಷ್ಟೇ.

ಇವತ್ತು ಅಂಗಡಿಗೆ ರಜೆ. ಅವಳು ಊಟ ಮಾಡಿ ಬೆತ್ತದ ಕುರ್ಚಿಯಲ್ಲಿ ಕೂತು ಏನೋ ಹೇಳುತ್ತಿದ್ದಳು. ಹೇಳುತ್ತಲೇ ವಾಕ್ಯದ ನಡುವೆ ಎಲ್ಲೋ ಇಳಿದುಹೋದಳು. ಕತ್ತು ಒಂದು ಕಡೆಗೆ ವಾಲಿದೆ. ಎಬ್ಬಿಸಿದರೆ ಸಿಡುಕುತ್ತಾಳೆ, ಹಾಗೇ ಬಿಟ್ಟರೆ ಸಂಜೆ ನೋವು ಎನ್ನುತ್ತಾಳೆ. ಒಂದು ದಿಂಬು ತಂದೆ. ತಂದವನು ಎದುರಿಗೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕಾಗದವಿಟ್ಟು ಇದನ್ನು ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ಅವಳು ಹೀಗೆ ಕೂತಲ್ಲೇ ನಿದ್ದೆ ಹೋದರೆ ನಾನು ನಿನ್ನನ್ನು ಕರೆದು ಆಚೆ ಹೋಗಿಬಿಡುತ್ತಿದ್ದೆ. ನೀನು ಏನು ಮಾಡುತ್ತಿದ್ದೆ ಎಂದು ನಿಂತು ನೋಡಿದವನಲ್ಲ. ಮೊದಲು ಮೆಲ್ಲಗೆ ಕರೆಯುತ್ತಿದ್ದೆಯಾ, ಇಲ್ಲ ಏನೂ ಹೇಳದೆ ತಲೆಯನ್ನು ಎತ್ತಿ ಹಿಡಿಯುತ್ತಿದ್ದೆಯಾ?